ಕಪ್ಪು ಪರದೆಯ ಆದೇಶಗಳು: ಡಿಸ್ಕ್ ದುರಸ್ತಿಗೆ ಮುನ್ನ ನಕಲು ಮರೆಯದಿರಿ

ಹೊಸಪೇಟೆ: ವಿದ್ಯುತ್ ಹೋಗಿ ಬಂದಿದೆ. ಗಣಕಯಂತ್ರ ಚಾಲನೆಗೊಂಡರೂ ಡಿ ಡ್ರೈವ್ ತೆರೆಯುತ್ತಿಲ್ಲ. ಬದಲಿಗೆ, ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂಬ ಪ್ರಶ್ನೆ ತೆರೆಯ ಮೇಲೆ ಮೂಡುತ್ತದೆ. ಒಳಗಿರುವುದು ಮದುವೆಯ ಛಾಯಾಚಿತ್ರಗಳಿರಬಹುದು, ಅಚ್ಚಿಗೆ ಹೋಗಬೇಕಾದ ಪುಸ್ತಕದ ಪುಟಗಳಿರಬಹುದು, ಹತ್ತು ವರ್ಷದ ಲೆಕ್ಕಪತ್ರವಿರಬಹುದು. ಈ ಪ್ರಶ್ನೆಗೆ 'ಹೌದು' ಎಂದು ಫಾರ್ಮ್ಯಾಟ್ ಮಾಡಿಬಿಟ್ಟರೆ ಅವುಗಳನ್ನು ಮರಳಿ ಪಡೆಯುವುದು ಕಷ್ಟವಾಗುತ್ತದೆ. 'ರದ್ದು' ಎಂದವರಿಗೆ ಇನ್ನೂ ಕೆಲವು ಬಾಗಿಲುಗಳು ತೆರೆದಿರುತ್ತವೆ.

ಆ ಬಾಗಿಲುಗಳಲ್ಲಿ ಒಂದು, ಪ್ರತಿ ವಿಂಡೋಸ್ ಗಣಕದಲ್ಲೂ ಉಚಿತವಾಗಿಯೇ ಇರುವ ಕಮಾಂಡ್ ಪ್ರಾಂಪ್ಟ್. ಚಿತ್ರಗಳಿಲ್ಲದ, ಕಪ್ಪು ಹಿನ್ನೆಲೆಯ, ಬೆರಳಚ್ಚಿಸಿಯೇ ಆದೇಶ ನೀಡಬೇಕಾದ ಈ ಕಿಟಕಿಯನ್ನು ಕಂಡು ಹಿಂಜರಿಯುವವರೇ ಹೆಚ್ಚು. ಆದರೆ ಡಿಸ್ಕ್‌ನ ಆರೋಗ್ಯ ತಪಾಸಣೆ, ನಕಲು, ದುರಸ್ತಿ ಈ ಮೂರಕ್ಕೂ ಇದಕ್ಕಿಂತ ನೇರವಾದ ಸಾಧನ ಮತ್ತೊಂದಿಲ್ಲ. ಒಂದೇ ಷರತ್ತು: ಯಾವ ಆದೇಶ ಕೇವಲ ಓದುತ್ತದೆ, ಯಾವುದು ತಿದ್ದುತ್ತದೆ, ಯಾವುದು ಅಳಿಸುತ್ತದೆ ಎಂಬ ಅರಿವು ಬಳಕೆದಾರನಿಗೆ ಇರಲೇಬೇಕು.

ಹಿನ್ನೆಲೆ

1981ರಲ್ಲಿ ಐಬಿಎಂ ಪಿಸಿಯೊಂದಿಗೆ ಬಂದ ಡಾಸ್ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಆದೇಶ ಬೆರಳಚ್ಚಿಸುವುದೊಂದೇ ದಾರಿಯಾಗಿತ್ತು. ಬಳಿಕ ವಿಂಡೋಸ್ ಬಂದು ಚಿತ್ರಗಳ ಮೇಲೆ ಮೌಸ್ ಒತ್ತುವ ಪದ್ಧತಿ ರೂಢಿಯಾಯಿತು. ಹಾಗೆಂದು ಹಳೆಯ ದಾರಿ ಮುಚ್ಚಲಿಲ್ಲ. 1993ರ ವಿಂಡೋಸ್ ಎನ್‌ಟಿಯಲ್ಲಿ ಕಾಣಿಸಿಕೊಂಡ ಇಂದಿನ ಕಮಾಂಡ್ ಪ್ರಾಂಪ್ಟ್, ವಿಂಡೋಸ್ 11ರಲ್ಲೂ ಮುಂದುವರಿದಿದೆ. 2006ರಲ್ಲಿ ಬಂದ ಪವರ್‌ಶೆಲ್ ಇದರ ಸುಧಾರಿತ ಸಹೋದರ.

ತೆರೆಯುವ ಕ್ರಮ ಸರಳ. ಸ್ಟಾರ್ಟ್ ಗುಂಡಿ ಒತ್ತಿ ಸಿ-ಎಂ-ಡಿ ಎಂಬ ಮೂರು ಅಕ್ಷರ ಬೆರಳಚ್ಚಿಸಿ, ಕಾಣುವ ಹೆಸರಿನ ಮೇಲೆ ಬಲಗುಂಡಿ ಒತ್ತಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಆಯ್ದುಕೊಳ್ಳಬೇಕು. ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕಾಗುತ್ತದೆ. ಓದುಗರ ಅನುಕೂಲಕ್ಕಾಗಿ ಇಲ್ಲಿ ಅವುಗಳ ಉಚ್ಚಾರಣೆಯನ್ನೂ ಅಕ್ಷರಗಳನ್ನೂ ಕನ್ನಡದಲ್ಲಿ ನೀಡಲಾಗಿದೆ.

ಧೂಳು, ಬಿಸಿಲು, ವಿದ್ಯುತ್ತು

ಡಿಸ್ಕ್‌ನ ಆಯುಸ್ಸಿಗೂ ಊರಿನ ಹವೆಗೂ ಸಂಬಂಧವಿದೆ. ಸಂಡೂರಿನ ಬೆಟ್ಟಗಳಿಂದ ಕಬ್ಬಿಣದ ಅದಿರು ಸಾಗುವ ರಸ್ತೆಗಳ ಇಕ್ಕೆಲದಲ್ಲಿ ಕೆಂಧೂಳು ಹೊಸದಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ನೀಡಿ, ನಂತರ ಷರತ್ತುಗಳೊಂದಿಗೆ ಪುನರಾರಂಭಕ್ಕೆ ಅವಕಾಶ ಕಲ್ಪಿಸಿದ ಮೇಲೂ ಅದಿರು ಸಾಗಾಣಿಕೆ ಇದ್ದೇ ಇದೆ. ಈ ಧೂಳು ಹಾರ್ಡ್ ಡಿಸ್ಕ್‌ನ ಒಳಗೆ ಸೇರಿ ಕೆಡಿಸುತ್ತದೆ ಎಂಬ ನಂಬಿಕೆ ಸಾಮಾನ್ಯ. ವಾಸ್ತವದಲ್ಲಿ ಡಿಸ್ಕ್‌ನ ಒಳಭಾಗ ಮುಚ್ಚಿಯೇ ಇರುತ್ತದೆ. ಗಾಳಿಯಾಡುವ ಸಣ್ಣ ರಂಧ್ರವಿದ್ದರೂ ಅದಕ್ಕೆ ಶೋಧಕವಿರುತ್ತದೆ. ಧೂಳು ಹಾನಿ ಮಾಡುವುದು ಬೇರೆ ದಾರಿಯಿಂದ. ಅದು ಪಂಖದ ರೆಕ್ಕೆಗಳಲ್ಲೂ ಗಾಳಿಯ ಜಾಲರಿಗಳಲ್ಲೂ ಕಟ್ಟಿಕೊಂಡು ಪೆಟ್ಟಿಗೆಯೊಳಗಿನ ಶಾಖ ಹೊರಹೋಗದಂತೆ ಮಾಡುತ್ತದೆ. ಬೇಸಿಗೆಯಲ್ಲಿ ಹೊರಗಿನ ತಾಪಮಾನವೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವಾಗ, ಬಹುತೇಕ ತಯಾರಕರು ಹಾರ್ಡ್ ಡಿಸ್ಕ್‌ಗೆ ವಿಧಿಸುವ 60 ಡಿಗ್ರಿಯ ಗರಿಷ್ಠ ಮಿತಿ ದೂರವೇನಲ್ಲ.

ಎರಡನೆಯದು ದಿಢೀರ್ ವಿದ್ಯುತ್ ಕಡಿತ. ಕಡತ ಉಳಿಸುವಾಗ ಗಣಕವು ಎರಡು ಕೆಲಸ ಮಾಡುತ್ತದೆ: ಮಾಹಿತಿಯನ್ನು ಡಿಸ್ಕ್‌ನ ಒಂದೆಡೆ ಬರೆಯುತ್ತದೆ, ಅದು ಎಲ್ಲಿದೆ ಎಂಬುದನ್ನು ಸೂಚಿಯಲ್ಲಿ ದಾಖಲಿಸುತ್ತದೆ. ನಡುವೆ ವಿದ್ಯುತ್ ಹೋದರೆ ಸೂಚಿಗೂ ಮಾಹಿತಿಗೂ ತಾಳೆ ತಪ್ಪುತ್ತದೆ. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ಬದಲಾವಣೆಗಳ ದಿನಚರಿಯೊಂದನ್ನು ಇಟ್ಟುಕೊಂಡು ಇಂತಹ ತಪ್ಪನ್ನು ಬಹಳಷ್ಟು ಸರಿಪಡಿಸಿಕೊಳ್ಳುತ್ತದೆ. ಪೆನ್‌ಡ್ರೈವ್ ಮತ್ತು ಕ್ಯಾಮೆರಾ ಕಾರ್ಡ್‌ಗಳಲ್ಲಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ವ್ಯವಸ್ಥೆಗಳಿಗೆ ಅಂತಹ ದಿನಚರಿ ಇಲ್ಲ. ಹಂಪಿಯ ದೇಗುಲಗಳ ಚಿತ್ರ ತೆಗೆದು ಕಾರ್ಡನ್ನು ಗಣಕದಿಂದ ಸರಕ್ಕನೆ ಕಿತ್ತರೆ ಚಿತ್ರಗಳು ಕಾಣೆಯಾಗುವುದಕ್ಕೆ ಇದೇ ಕಾರಣ.

ಮೊದಲ ಹೆಜ್ಜೆ: ಓದುವ ಆದೇಶಗಳು

ತಪಾಸಣೆಯ ಮೊದಲ ಹಂತದಲ್ಲಿ ಡಿಸ್ಕ್‌ಗೆ ಏನನ್ನೂ ಬರೆಯದ ಆದೇಶಗಳನ್ನಷ್ಟೇ ಬಳಸುವುದು ಕ್ಷೇಮ.

ಡಿಐಆರ್ (ಡಿ-ಐ-ಆರ್): 'ಡಿಐಆರ್ ಡಿ:' ಎಂದರೆ ಡಿ ಡ್ರೈವ್‌ನಲ್ಲಿರುವ ಕಡತಗಳ ಪಟ್ಟಿ ಬರುತ್ತದೆ. ಪಟ್ಟಿ ಬಂದರೆ ಡಿಸ್ಕ್ ಇನ್ನೂ ಓದಲು ಸಿಗುತ್ತಿದೆ ಎಂದರ್ಥ.

ಚೆಕ್‌ಡಿಸ್ಕ್ (ಸಿ-ಎಚ್-ಕೆ-ಡಿ-ಎಸ್-ಕೆ): 'ಚೆಕ್‌ಡಿಸ್ಕ್ ಡಿ:' ಎಂದಷ್ಟೇ ನೀಡಿದರೆ ದೋಷಗಳನ್ನು ಹುಡುಕಿ ವರದಿ ಮಾಡುತ್ತದೆ, ತಿದ್ದುವುದಿಲ್ಲ. ಬಳಕೆಯಲ್ಲಿರುವ ಡ್ರೈವ್ ಮೇಲೆ ಹೀಗೆ ನಡೆಸಿದಾಗ ಇಲ್ಲದ ದೋಷವೂ ಕೆಲವೊಮ್ಮೆ ವರದಿಯಾಗುವುದರಿಂದ, ಒಂದು ಸಲದ ಫಲಿತಾಂಶ ನೋಡಿ ಗಾಬರಿಯಾಗಬೇಕಿಲ್ಲ. ಡ್ರೈವ್ 'ರಾ' ಸ್ಥಿತಿಯಲ್ಲಿದೆ ಎಂಬ ಉತ್ತರ ಬಂದರೆ ಮಾತ್ರ ಎಚ್ಚರ. ಕಡತ ವ್ಯವಸ್ಥೆಯ ಸೂಚಿಯನ್ನೇ ಗಣಕ ಗುರುತಿಸುತ್ತಿಲ್ಲ ಎಂಬುದು ಅದರ ಅರ್ಥ. ಅಲ್ಲಿ ಚೆಕ್‌ಡಿಸ್ಕ್ ಕೆಲಸ ಮಾಡುವುದಿಲ್ಲ. ಫಾರ್ಮ್ಯಾಟ್ ಮಾಡದೆ ಮಾಹಿತಿ ಮರುಪಡೆಯುವ ತಜ್ಞರನ್ನು ಕಾಣಬೇಕು.

ಎಫ್‌ಎಸ್‌ಯುಟಿಲ್ (ಎಫ್-ಎಸ್-ಯು-ಟಿ-ಐ-ಎಲ್): 'ಎಫ್‌ಎಸ್‌ಯುಟಿಲ್ ಡರ್ಟಿ ಕ್ವೆರಿ ಡಿ:' ಎಂಬ ಆದೇಶ, ಆ ಡ್ರೈವ್‌ಗೆ ದುರಸ್ತಿ ಬೇಕೆಂದು ವಿಂಡೋಸ್ ಗುರುತು ಹಾಕಿಕೊಂಡಿದೆಯೇ ಎಂದು ತಿಳಿಸುತ್ತದೆ. ವಿದ್ಯುತ್ ಕಡಿತದ ನಂತರ ಇದೊಂದು ಒಳ್ಳೆಯ ಮೊದಲ ಪರೀಕ್ಷೆ.

ಪವರ್‌ಶೆಲ್ ಕಿಟಕಿಯಲ್ಲಿ 'ಗೆಟ್-ಫಿಸಿಕಲ್‌ಡಿಸ್ಕ್' ಎಂದರೆ ಪ್ರತಿ ಡಿಸ್ಕ್‌ನ ಹೆಸರು, ಬಗೆ ಹಾಗೂ ಆರೋಗ್ಯಸ್ಥಿತಿಯ ಸಾಲು ಬರುತ್ತದೆ. ಹಿಂದೆ ಇದೇ ಕೆಲಸಕ್ಕೆ ಬಳಸುತ್ತಿದ್ದ ಡಬ್ಲ್ಯುಎಂಐಸಿ ಎಂಬ ಆದೇಶವನ್ನು ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳಿಂದ ಕೈಬಿಡಲಾಗಿದೆ.

ಆದರೆ 'ಹೆಲ್ದಿ' ಎಂಬ ಪದವನ್ನು ನಂಬಿ ನಿಶ್ಚಿಂತರಾಗುವಂತಿಲ್ಲ. ಗೂಗಲ್ ಸಂಸ್ಥೆಯ ಸಂಶೋಧಕರು ತಮ್ಮಲ್ಲಿ ಬಳಕೆಯಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ಅಧ್ಯಯನವನ್ನು 2007ರಲ್ಲಿ ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕ್‌ಗಳ ಪೈಕಿ ಅರ್ಧಕ್ಕೂ ಹೆಚ್ಚಿನವು ಪ್ರಮುಖವಾದ ನಾಲ್ಕು ಮುನ್ಸೂಚನೆಗಳಲ್ಲಿ ಒಂದನ್ನೂ ತೋರಿರಲಿಲ್ಲ! ಅಂದರೆ ಡಿಸ್ಕ್ ಹೇಳಿ ಕೇಳಿ ಕೆಡುವುದಿಲ್ಲ. ಆದ್ದರಿಂದಲೇ ಎರಡನೇ ಹೆಜ್ಜೆ ಎಲ್ಲಕ್ಕಿಂತ ಮುಖ್ಯ.

ಎರಡನೇ ಹೆಜ್ಜೆ: ನಕಲು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಫಲವಿಲ್ಲ. ದುರಸ್ತಿಯ ಆದೇಶ ನೀಡುವ ಮುನ್ನವೇ ಓದಲು ಸಿಗುವಷ್ಟನ್ನು ಬೇರೊಂದು ಡಿಸ್ಕ್‌ಗೆ ಸಾಗಿಸಬೇಕು. ಇದಕ್ಕೆ ವಿಂಡೋಸ್ ವಿಸ್ತಾದಿಂದೀಚೆಗೆ ಎಲ್ಲ ಆವೃತ್ತಿಗಳಲ್ಲೂ ಇರುವ ಸಾಧನ ರೋಬೊಕಾಪಿ (ಆರ್-ಓ-ಬಿ-ಓ-ಸಿ-ಓ-ಪಿ-ವೈ).

ಡಿ ಡ್ರೈವ್‌ನ ಲೆಕ್ಕ ಎಂಬ ಕಡತಕೋಶವನ್ನು ಇ ಡ್ರೈವ್‌ಗೆ ನಕಲಿಸಲು ಆದೇಶ ಹೀಗಿರುತ್ತದೆ:

ರೋಬೊಕಾಪಿ ಡಿ:\ಲೆಕ್ಕ ಇ:\ಲೆಕ್ಕ /ಇ /ಆರ್:1 /ಡಬ್ಲ್ಯು:1

'/ಇ' ಎಂದರೆ ಖಾಲಿಯಾದವೂ ಸೇರಿದಂತೆ ಎಲ್ಲ ಒಳಕೋಶಗಳನ್ನು ಸೇರಿಸು ಎಂದರ್ಥ. ಮುಂದಿನ ಎರಡು ಸೂಚನೆಗಳು ಚಿಕ್ಕವಾದರೂ ಮಹತ್ವದವು. ಇವನ್ನು ಕೊಡದಿದ್ದರೆ ರೋಬೊಕಾಪಿಯು ಓದಲಾಗದ ಒಂದು ಕಡತವನ್ನು, ಪ್ರತಿ ಬಾರಿ 30 ಸೆಕೆಂಡ್ ಕಾಯುತ್ತಾ, ಹತ್ತು ಲಕ್ಷ ಬಾರಿ ಪ್ರಯತ್ನಿಸುತ್ತದೆ! ಸಾಯುತ್ತಿರುವ ಡಿಸ್ಕ್‌ಗೆ ಇದು ಮಾರಕ. '/ಆರ್:1 /ಡಬ್ಲ್ಯು:1' ಎಂದರೆ ಒಮ್ಮೆ ಮಾತ್ರ ಮರುಯತ್ನಿಸು, ಒಂದೇ ಸೆಕೆಂಡ್ ಕಾಯಿ ಎಂದರ್ಥ. ಕಡತಕೋಶದ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗೆ ಇಡಬೇಕು.

ಕೊನೆಯಲ್ಲಿ ಬರುವ ಪಟ್ಟಿಯ 'ಫೇಲ್ಡ್' ಅಂಕಣದಲ್ಲಿ ಸೊನ್ನೆ ಇದೆಯೇ ಎಂದು ನೋಡಬೇಕು. ಬಳಿಕ ನಕಲಿನ ನಾಲ್ಕಾರು ಕಡತಗಳನ್ನು ತೆರೆದು ಖಚಿತಪಡಿಸಿಕೊಳ್ಳಬೇಕು. ತೆರೆದು ನೋಡದ ನಕಲು, ನಕಲೇ ಅಲ್ಲ.

ಇದೇ ಆದೇಶಕ್ಕೆ '/ಎಂಐಆರ್' ಎಂಬ ಇನ್ನೊಂದು ಸೂಚನೆಯಿದೆ. ಅದು ಎರಡೂ ಕಡೆಗಳನ್ನು ಕನ್ನಡಿಯಂತೆ ಒಂದೇ ಮಾಡುತ್ತದೆ. ಅಂದರೆ ಮೂಲದಲ್ಲಿ ಇಲ್ಲದ ಕಡತಗಳನ್ನು ನಕಲಿನ ಡಿಸ್ಕ್‌ನಿಂದಲೂ ಅಳಿಸುತ್ತದೆ. ಎರಡು ವಿಳಾಸಗಳನ್ನು ಅದಲು ಬದಲು ಬರೆದರೆ ಖಾಲಿ ಡಿಸ್ಕ್‌ನ ಪ್ರತಿಬಿಂಬ ತುಂಬಿದ ಡಿಸ್ಕ್ ಮೇಲೆ ಬೀಳುತ್ತದೆ. ಅನುಭವವಾಗುವವರೆಗೆ ಇದರಿಂದ ದೂರವಿರುವುದೇ ಲೇಸು.

ಮೂರನೇ ಹೆಜ್ಜೆ: ದುರಸ್ತಿ

ನಕಲು ಕೈಸೇರಿದ ಮೇಲೆ 'ಚೆಕ್‌ಡಿಸ್ಕ್ ಡಿ: /ಎಫ್' ನೀಡಬಹುದು. ಇದು ಸೂಚಿಯಲ್ಲಿನ ತಾಳೆತಪ್ಪುಗಳನ್ನು ಸರಿಪಡಿಸುತ್ತದೆ. ವಿಂಡೋಸ್ ನೆಲೆಸಿರುವ ಸಿ ಡ್ರೈವ್‌ಗೆ ಈ ಆದೇಶ ನೀಡಿದರೆ ಮುಂದಿನ ಚಾಲನೆಯಲ್ಲಿ ತಪಾಸಣೆ ನಡೆಸಲೇ ಎಂದು ಕೇಳುತ್ತದೆ. ವೈ ಒತ್ತಿ ಗಣಕವನ್ನು ಮರುಚಾಲನೆಗೊಳಿಸಬೇಕು. ವಾರಸುದಾರರಿಲ್ಲದ ತುಣುಕುಗಳು ಸಿಕ್ಕರೆ ಅವನ್ನು 'ಫೌಂಡ್' ಎಂಬ ಹೆಸರಿನ ಗುಪ್ತ ಕಡತಕೋಶದಲ್ಲಿ ಇಡುತ್ತದೆ.

'ಚೆಕ್‌ಡಿಸ್ಕ್ ಡಿ: /ಆರ್' ಇನ್ನೂ ಆಳವಾದ ತಪಾಸಣೆ. ಇದು ಡಿಸ್ಕ್‌ನ ಪ್ರತಿ ಭಾಗವನ್ನೂ ಓದಿ, ಹಾಳಾದ ಸೆಕ್ಟರ್‌ಗಳನ್ನು ಗುರುತಿಸಿ, ಅಲ್ಲಿ ಸಿಕ್ಕಷ್ಟು ಮಾಹಿತಿಯನ್ನು ಬೇರೆಡೆಗೆ ಸರಿಸುತ್ತದೆ. ಟೆರಾಬೈಟ್ ಗಾತ್ರದ ಡಿಸ್ಕ್‌ಗೆ ಹಲವು ಗಂಟೆಗಳೇ ಬೇಕು. ನಡುವೆ ವಿದ್ಯುತ್ ಹೋಗದಂತೆ ಯುಪಿಎಸ್ ಅಥವಾ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಇರುವುದು ಅಗತ್ಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಚೆಕ್‌ಡಿಸ್ಕ್ ಕಡತ ವ್ಯವಸ್ಥೆಯನ್ನು ರಿಪೇರಿ ಮಾಡುತ್ತದೆಯೇ ಹೊರತು ಕಳೆದ ಕಡತಗಳನ್ನು ಉಳಿಸಿಕೊಡುವ ಹೊಣೆ ಹೊತ್ತಿಲ್ಲ. ಸೂಚಿಯನ್ನು ಸರಿಮಾಡುವ ಭರದಲ್ಲಿ ಅರೆಬರೆ ಉಳಿದ ಕಡತವನ್ನು ಅದು ಮೊಟಕುಗೊಳಿಸಲೂಬಹುದು. ಡಿಸ್ಕ್‌ನಿಂದ ಟಕಟಕ ಎಂಬ ಸದ್ದು ಬರುತ್ತಿದ್ದರೆ ಯಾವ ಆದೇಶವನ್ನೂ ನೀಡದೆ ಗಣಕ ಆರಿಸುವುದೇ ಸರಿಯಾದ ಕ್ರಮ.

ವಿಂಡೋಸ್ ತಾನೇ ಚಾಲನೆಗೊಳ್ಳದಿದ್ದಾಗ ದುರಸ್ತಿ ಪರಿಸರದಲ್ಲೂ ಕಮಾಂಡ್ ಪ್ರಾಂಪ್ಟ್ ಸಿಗುತ್ತದೆ. ಆದರೆ ಅಲ್ಲಿ ಡ್ರೈವ್‌ಗಳ ಅಕ್ಷರ ಬದಲಾಗಿರಬಹುದು. ಎಂದಿನ ಸಿ ಡ್ರೈವ್ ಅಲ್ಲಿ ಡಿ ಎಂದು ಕಾಣಿಸೀತು. ಮೊದಲು ಡಿಐಆರ್ ಆದೇಶದಿಂದ ಯಾವುದು ಯಾವುದೆಂದು ಗುರುತಿಸಿಕೊಂಡೇ ಮುಂದುವರಿಯಬೇಕು.

ಬೀಗದ ಕೈ ಎಲ್ಲಿದೆ?

ಇತ್ತೀಚಿನ ಲ್ಯಾಪ್‌ಟಾಪ್‌ಗಳಲ್ಲಿ ಮತ್ತೊಂದು ತೊಡಕಿದೆ. 2024ರಲ್ಲಿ ಬಿಡುಗಡೆಯಾದ ವಿಂಡೋಸ್ 11 ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಸ್ಥಾಪಿಸಿದ ಹೆಚ್ಚಿನ ಗಣಕಗಳ ಡಿಸ್ಕ್‌ಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುತ್ತದೆ. ದುರಸ್ತಿಯ ವೇಳೆ ಅಥವಾ ಡಿಸ್ಕ್ ಕಳಚಿ ಬೇರೆ ಗಣಕಕ್ಕೆ ಜೋಡಿಸಿದಾಗ 48 ಅಂಕೆಗಳ ಮರುಪಡೆಯುವ ಕೀಲಿಯನ್ನು ಕೇಳುತ್ತದೆ. ಅದಿಲ್ಲದಿದ್ದರೆ ಡಿಸ್ಕ್ ಎಷ್ಟೇ ಆರೋಗ್ಯವಾಗಿದ್ದರೂ ಕಡತಗಳು ಸಿಗುವುದಿಲ್ಲ.

'ಮ್ಯಾನೇಜ್-ಬಿಡಿಇ -ಸ್ಟೇಟಸ್' ಎಂಬ ಆದೇಶದಿಂದ ಬೀಗ ಬಿದ್ದಿದೆಯೇ ಎಂದು ತಿಳಿಯಬಹುದು. ಬಿದ್ದಿದ್ದರೆ ಮೈಕ್ರೋಸಾಫ್ಟ್ ಖಾತೆಯಲ್ಲಿರುವ ಕೀಲಿಯನ್ನು ಇಂದೇ ಕಾಗದದಲ್ಲಿ ಬರೆದಿಟ್ಟುಕೊಳ್ಳಬೇಕು.

ಎಸ್‌ಎಸ್‌ಡಿಗೆ ಬೇರೆ ನಿಯಮ

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ತಿರುಗುವ ತಟ್ಟೆಗಳಿರುತ್ತವೆ. ಕಡತದ ತುಣುಕುಗಳು ಚದುರಿದರೆ ಓದುವ ಮುಳ್ಳು ಅತ್ತಿತ್ತ ಓಡಾಡಿ ವೇಗ ತಗ್ಗುತ್ತದೆ. ಆದ್ದರಿಂದ ತುಣುಕುಗಳನ್ನು ಒಂದೆಡೆ ಸೇರಿಸುವ ಡಿಫ್ರ್ಯಾಗ್ ಪ್ರಯೋಜನಕಾರಿ. ಹೊಸ ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವೇ ಇಲ್ಲ. ಅವಕ್ಕೆ ಪದೇ ಪದೇ ಡಿಫ್ರ್ಯಾಗ್ ಮಾಡಿದರೆ ವೇಗ ಹೆಚ್ಚುವುದಿಲ್ಲ, ಬರೆಯುವ ಆಯುಸ್ಸು ಮಾತ್ರ ಸವೆಯುತ್ತದೆ. ಅಳಿಸಿದ ಜಾಗ ಖಾಲಿಯಾಗಿದೆ ಎಂದು ಡಿಸ್ಕ್‌ಗೆ ತಿಳಿಸುವ 'ಟ್ರಿಮ್' ಎಂಬ ಕ್ರಿಯೆಯಷ್ಟೇ ಅವಕ್ಕೆ ಸಾಕು.

'ಡಿಫ್ರ್ಯಾಗ್ ಸಿ: /ಓ' ಎಂದು ನೀಡಿದರೆ ವಿಂಡೋಸ್ ತಾನೇ ಡಿಸ್ಕ್‌ನ ಬಗೆ ಗುರುತಿಸಿ ತಕ್ಕ ಕ್ರಮ ಕೈಗೊಳ್ಳುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ ಇದು ತಾನಾಗಿಯೇ ನಡೆಯುವುದರಿಂದ ಹೆಚ್ಚಿನವರು ಏನೂ ಮಾಡಬೇಕಿಲ್ಲ.

ಟ್ರಿಮ್‌ನ ಇನ್ನೊಂದು ಪರಿಣಾಮ ಗಮನಾರ್ಹ. ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿಹೋದ ಕಡತವನ್ನು ಮರುಪಡೆಯುವ ಅವಕಾಶ ಸ್ವಲ್ಪಕಾಲವಾದರೂ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ನಡೆದ ಮೇಲೆ ಆ ಅವಕಾಶ ಬಹುತೇಕ ಇಲ್ಲವಾಗುತ್ತದೆ. ಹೀಗಾಗಿ ಎಸ್‌ಎಸ್‌ಡಿ ಹೊಂದಿದವರಿಗೆ ನಕಲಿನ ಅಗತ್ಯ ಇನ್ನೂ ಹೆಚ್ಚು.

ಪೆನ್‌ಡ್ರೈವ್‌ನಲ್ಲಿ ಕಡತ ಮಾಯ

ಜೆರಾಕ್ಸ್ ಅಂಗಡಿ, ಇಂಟರ್ನೆಟ್ ಕೇಂದ್ರಗಳಲ್ಲಿ ಪೆನ್‌ಡ್ರೈವ್ ಕೊಟ್ಟು ಮರಳಿ ಪಡೆದಾಗ ಕಡತಗಳೆಲ್ಲ ಮಾಯವಾಗಿ ಶಾರ್ಟ್‌ಕಟ್‌ಗಳಷ್ಟೇ ಉಳಿದಿರುವುದುಂಟು. ಇದು ವೈರಸ್ ಕೃತ್ಯ. ಹೆಚ್ಚಿನ ಸಂದರ್ಭಗಳಲ್ಲಿ ಕಡತಗಳು ಅಳಿದಿರುವುದಿಲ್ಲ, ಅವುಗಳ ಮೇಲೆ 'ಗುಪ್ತ' ಎಂಬ ಗುರುತು ಬಿದ್ದಿರುತ್ತದೆ. ಆ ಶಾರ್ಟ್‌ಕಟ್‌ಗಳನ್ನು ಒತ್ತಬಾರದು. ಮೊದಲು ವೈರಸ್ ನಿರೋಧಕ ತಂತ್ರಾಂಶದಿಂದ ಶೋಧಿಸಿ, ನಂತರ ಆಟ್ರಿಬ್ (ಎ-ಟಿ-ಟಿ-ಆರ್-ಐ-ಬಿ) ಆದೇಶ ಬಳಸಬೇಕು. ಪೆನ್‌ಡ್ರೈವ್‌ನ ಅಕ್ಷರ ಎಫ್ ಆಗಿದ್ದರೆ:

ಆಟ್ರಿಬ್ -ಎಚ್ -ಆರ್ -ಎಸ್ ಎಫ್:\*.* /ಎಸ್ /ಡಿ

ಗುಪ್ತ ಗುರುತುಗಳು ಕಳಚಿ ಕಡತಗಳು ಮತ್ತೆ ಗೋಚರಿಸುತ್ತವೆ. ಈ ಆದೇಶವನ್ನು ಸಿ ಡ್ರೈವ್ ಮೇಲೆ ಪ್ರಯೋಗಿಸಬಾರದು.

ಕನ್ನಡದ ಕಡತಗಳು

ಹಂಪಿ ಬಳಿಯ ವಿದ್ಯಾರಣ್ಯದಲ್ಲಿ 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯದಿಂದಾಗಿ ಕನ್ನಡ ಪುಸ್ತಕ, ಪ್ರಬಂಧಗಳ ಬೆರಳಚ್ಚು ಮತ್ತು ಪುಟವಿನ್ಯಾಸ ಈ ಭಾಗದಲ್ಲಿ ಅಪರಿಚಿತವಲ್ಲ. ಇಂತಹ ಕೆಲಸದವರಿಗೆ ಎರಡು ಸಂಗತಿ ತಿಳಿದಿರಬೇಕು.

ಒಂದು, ಯೂನಿಕೋಡ್ ರೂಢಿಯಾಗುವ ಮುನ್ನ ಸಿದ್ಧವಾದ ಹಳೆಯ ನುಡಿ, ಬರಹ ಕಡತಗಳು ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತವೆ. ಇದು ಡಿಸ್ಕ್ ದೋಷವಲ್ಲ. ಅಕ್ಷರಶೈಲಿ ಸ್ಥಾಪಿಸಿದರೆ ಅಥವಾ ಪರಿವರ್ತಕ ಬಳಸಿದರೆ ಸರಿಹೋಗುತ್ತದೆ. ಕಡತ ಕೆಟ್ಟಿದೆ ಎಂದು ಭಾವಿಸಿ ಅಳಿಸಬಾರದು.

ಎರಡು, ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಕಪ್ಪು ಪರದೆಯಲ್ಲಿ ಅದು ಒತ್ತಕ್ಷರ ಒಡೆದು ಅಥವಾ ಬರಿಯ ಚೌಕಗಳಾಗಿ ಕಾಣಬಹುದು. ಹೆಸರು ಕೆಟ್ಟಿಲ್ಲ, ತೋರಿಸುವ ಕಿಟಕಿಗೆ ಕನ್ನಡ ಬರೆಯಲು ಬರುತ್ತಿಲ್ಲ, ಅಷ್ಟೇ. ರೋಬೊಕಾಪಿ ಅಂತಹ ಕಡತಗಳನ್ನೂ ಸರಿಯಾಗಿಯೇ ಸಾಗಿಸುತ್ತದೆ. ಕಡತಗಳ ಪಟ್ಟಿಯೊಂದನ್ನು ಉಳಿಸಿಕೊಳ್ಳಬೇಕಾದರೆ ಮೊದಲು 'ಸಿಎಚ್‌ಸಿಪಿ 65001' ಎಂಬ ಆದೇಶ ನೀಡಬೇಕು. ಇಲ್ಲವಾದರೆ ಪಟ್ಟಿಯಲ್ಲಿ ಕನ್ನಡದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆಗಳೇ ತುಂಬುತ್ತವೆ.

ಮುಟ್ಟಬಾರದ ಆದೇಶಗಳು

ಡಿಸ್ಕ್‌ಪಾರ್ಟ್ (ಡಿ-ಐ-ಎಸ್-ಕೆ-ಪಿ-ಎ-ಆರ್-ಟಿ) ಎಂಬುದರ ಒಳಗೆ 'ಕ್ಲೀನ್' ಎಂಬ ಆದೇಶವಿದೆ. ಹೆಸರು ಕೇಳಿ ಇದು ಕಸ ಗುಡಿಸುತ್ತದೆ ಎಂದುಕೊಂಡವರಿಗೆ ಆಘಾತ ಕಾದಿರುತ್ತದೆ. ಆಯ್ದ ಡಿಸ್ಕ್‌ನ ವಿಭಾಗಗಳ ವಿವರವನ್ನೇ ಇದು ಅಳಿಸುತ್ತದೆ, ಅದೂ ಮರುಪ್ರಶ್ನೆ ಕೇಳದೆ. 'ಫಾರ್ಮ್ಯಾಟ್' ಆದೇಶವೂ ಅಷ್ಟೇ ಅಪಾಯಕಾರಿ. ವಿಸ್ತಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಎಂದರೆ ಡ್ರೈವ್ ತುಂಬಾ ಸೊನ್ನೆ ಬರೆಯುವುದು. ಅಂತಹ ಡ್ರೈವ್‌ನಿಂದ ತಜ್ಞರೂ ಏನನ್ನೂ ಹಿಂಪಡೆಯಲಾರರು. ಯಾರೋ ಹೇಳಿದರೆಂದು ಅರ್ಥ ತಿಳಿಯದ ಆದೇಶವನ್ನು ಬೆರಳಚ್ಚಿಸುವ ಮೊದಲು, ಆದೇಶದ ಹೆಸರಿನ ಮುಂದೆ '/?' ಸೇರಿಸಿ ಒತ್ತಿದರೆ ಅದರ ವಿವರಣೆ ಪರದೆಯಲ್ಲೇ ಸಿಗುತ್ತದೆ. ಇದೊಂದು ಅಭ್ಯಾಸ ಅನೇಕ ಅನಾಹುತಗಳನ್ನು ತಪ್ಪಿಸಬಲ್ಲದು.

ನಕಲು ಎಲ್ಲಿಡಬೇಕು?

ತುಂಗಭದ್ರಾ ಜಲಾಶಯದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ನಡುವಿನ ಸೇತುವೆ ಮುಳುಗುವುದನ್ನು ನದಿಪಾತ್ರದ ಜನ ಹಲವು ಬಾರಿ ಕಂಡಿದ್ದಾರೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕೆಳದಂಡೆಯಲ್ಲಿ ಎಚ್ಚರಿಕೆ ನೀಡಬೇಕಾಯಿತು. ಮೂಲ ಮತ್ತು ನಕಲು ಎರಡೂ ಒಂದೇ ಕೋಣೆಯ ಒಂದೇ ಮೇಜಿನ ಮೇಲಿದ್ದರೆ ನೀರು, ಬೆಂಕಿ, ಕಳ್ಳತನಗಳಿಗೆ ಎರಡೂ ಒಟ್ಟಿಗೇ ಬಲಿಯಾಗುತ್ತವೆ. ಮಾಹಿತಿಯ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅದರಲ್ಲಿ ಒಂದು ಬೇರೆ ಊರಿನಲ್ಲಿ ಎಂಬುದು ತಂತ್ರಜ್ಞರು ಒಪ್ಪಿರುವ ಸೂತ್ರ. ಕಂಪ್ಲಿಯ ಲೆಕ್ಕದ ಒಂದು ಪ್ರತಿ ಹೊಸಪೇಟೆಯ ಬಂಧುಗಳ ಮನೆಯಲ್ಲಿದ್ದರೂ ಸಾಕು. ನೀರಿನಲ್ಲಿ ನೆನೆದ ಡಿಸ್ಕ್‌ಗೆ ಮಾತ್ರ ಯಾವ ಕಾರಣಕ್ಕೂ ವಿದ್ಯುತ್ ಸಂಪರ್ಕ ಕೊಡಬಾರದು.

ತಿಂಗಳಿಗೊಮ್ಮೆ

ಪಂಖ ಮತ್ತು ಜಾಲರಿಗಳ ಧೂಳು ತೆಗೆಯುವುದು, 'ಗೆಟ್-ಫಿಸಿಕಲ್‌ಡಿಸ್ಕ್' ನೋಡುವುದು, ತಿದ್ದುವ ಸೂಚನೆಯಿಲ್ಲದೆ ಚೆಕ್‌ಡಿಸ್ಕ್ ನಡೆಸುವುದು, ರೋಬೊಕಾಪಿಯಿಂದ ನಕಲು ನವೀಕರಿಸುವುದು, ನಕಲಿನ ಒಂದೆರಡು ಕಡತ ತೆರೆದು ನೋಡುವುದು. ಇಷ್ಟಕ್ಕೆ ಬೇಕಾದದ್ದು ತಿಂಗಳಲ್ಲಿ ಒಂದು ಸಂಜೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಗಣಕದಿಂದ ಹೊಸದಕ್ಕೆ ಸಾಗುತ್ತಿರುವವರು ಹಳೆಯ ಡಿಸ್ಕ್ ಮಾರುವ ಮುನ್ನ ಈ ಕ್ರಮ ಪೂರೈಸುವುದು ಒಳಿತು.

ಹಂಪಿಯ ವಿರೂಪಾಕ್ಷ ದೇಗುಲದಲ್ಲಿ 1510ರಲ್ಲಿ ಕೃಷ್ಣದೇವರಾಯ ನಿಲ್ಲಿಸಿದ ಶಾಸನವನ್ನು ಇಂದಿಗೂ ಓದಬಹುದಾಗಿದೆ. ನಮ್ಮ ಕಾಲದ ಬರಹಗಳಿಗೆ ಕಲ್ಲಿನ ಆಯುಸ್ಸಿಲ್ಲ. ಅವು ಉಳಿಯುವುದು ಒಂದು ಡಿಸ್ಕ್‌ನಿಂದ ಮತ್ತೊಂದಕ್ಕೆ, ಯಾರೋ ಒಬ್ಬರು ನೆನಪಿಟ್ಟು ನಕಲಿಸುತ್ತಾ ಹೋದಷ್ಟು ದಿನ ಮಾತ್ರ.